ಎರಡನೆಯ ಕಾಳಗ

ಕಳೆದ ಬೇಸಿಗೆಯ ರಜೆಯಲ್ಲಿ, ತೆರಕಣಾಂಬಿಯ ನಮ್ಮ ಮನೆಯ ಜಗಲಿಯ ಮೇಲೆ, ಅಂಗಳದಲ್ಲಿ ಒಣಗಲು ಹರಡಿದ್ದ ಅರಿಸಿನದ ಕೊಂಬುಗಳನ್ನು ಕೋಳಿ ಕೆದಕದಂತೆ ಕಾಯುವುದಕ್ಕೆಂದು ಕೂತಿದ್ದ ನನ್ನ ಅಕ್ಕನ ಮಗನು, ಆ ಕರ್ತವ್ಯವನ್ನು ಕೋಳಿಗಳ ಸದ್ಬುದ್ಧಿಗೇ ಒಪ್ಪಿಸಿಬಿಟ್ಟು, ಲ್ಯಾಪ್‌ಟಾಪಿನಲ್ಲಿ ‘ಸ್ಟ್ರೀಟ್ ಫೈಟರ್’ ಎಂಬ ಕಾಳಗದ ಆಟದಲ್ಲಿ ಮಗ್ನನಾಗಿದ್ದನು. ಆ ಆಟಕ್ಕೆ ಮೂವತ್ತು ವರ್ಷ ತುಂಬಿದ ನೆನಪಿಗಾಗಿ 2018ರಲ್ಲಿ ಹೊರಬಂದ ಸಂಪುಟವೊಂದರಲ್ಲಿ ಹನ್ನೆರಡು ಹಳೆಯ ಆಟಗಳು ಒಂದೆಡೆ ದೊರೆಯುತ್ತವೆ. ಎರಡನೆಯ ಆಟವನ್ನು ಚೆನ್ನಾಗಿ ಬಲ್ಲ ಹುಡುಗ ಅಂದು ಏನೋ ಕುತೂಹಲದಿಂದ ಮೊದಲನೆಯದನ್ನು ತೆರೆದ. ಐದು ನಿಮಿಷ ಕಳೆದಿರಲಿಕ್ಕಿಲ್ಲ, “ಇದೇನ್ ಮಾವ, ಇಬ್ರೇ ಅವ್ರಲ್ಲ! ಒತ್ತುದ್ರೂ ಒತ್ತುದ್ರೂ ಬೆಂಕಿ ಬತ್ತಾನೇ ಇಲ್ಲ ಕನ” ಎಂದು ಗೊಣಗಿದ. ಇನ್ನೈದು ನಿಮಿಷಕ್ಕೆ “ಮೊದಲ್ನೇದು ದಂಡ” ಎಂಬ ತೀರ್ಪನ್ನಿತ್ತು, ತವರಿಗೆ ಮರಳಿದವರ ನೆಮ್ಮದಿಯಿಂದ ಎರಡನೆಯದಕ್ಕೆ ಮರಳಿದ.

ಈ ತೀರ್ಪು ಅವನೊಬ್ಬನದೇ ಅಲ್ಲ, ಲೋಕದ ತೀರ್ಪೂ ಅದೇ. 1991ರ ‘ಸ್ಟ್ರೀಟ್ ಫೈಟರ್ 2’ ಭೂಮಂಡಲದ ಮೂಲೆಮೂಲೆಗೂ ಹರಡಿ, ಮನೆಯಲ್ಲಿ ಆಡುವ ಅದರ ಒಂದು ಆವೃತ್ತಿಯೇ 60 ಲಕ್ಷಕ್ಕೆ ಮೇಲ್ಪಟ್ಟು ಮಾರಾಟವಾಗಿ, ಕಾಳಗದ ಆಟವೆಂದರೆ ಹೀಗಿರತಕ್ಕದ್ದೆಂಬುದಕ್ಕೆ ಲಕ್ಷಣಗ್ರಂಥದಂತೆ ನಿಂತಿರುವಾಗ, 1987ರ ಮೊದಲನೆಯದು ವಂಶಾವಳಿಯಲ್ಲಿ ಹೆಸರು ಮಾತ್ರ ಉಳಿದ ಮುತ್ತಜ್ಜನಂತೆ ಒಂದು ಮೂಲೆ ಹಿಡಿದಿದೆ. ತೀರ್ಪು ತಪ್ಪೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ತೀರ್ಪು ಸರಿಯಾಗಿದ್ದು, ಅದಕ್ಕೆ ಕೊಡುವ ಕಾರಣ ತಪ್ಪಾಗಿರುವುದು ನ್ಯಾಯಸ್ಥಾನಗಳಲ್ಲಿಯೂ ಉಂಟು, ಸಾಹಿತ್ಯವಿಮರ್ಶೆಯಲ್ಲಿಯೂ ಉಂಟು. ಎರಡನೆಯದರಲ್ಲಿ ಹೆಚ್ಚು ಮಂದಿ ಇದ್ದಾರೆ, ಹೆಚ್ಚು ಬಣ್ಣವಿದೆ, ಆದಕಾರಣ ಅದು ಶ್ರೇಷ್ಠ ಎಂಬ ಸಾಮಾನ್ಯವಾದ ನಂಬಿಕೆ ನನಗೆ ಒಪ್ಪಿಗೆಯಿಲ್ಲ. ಮೊದಲನೆಯದು ತನ್ನೊಳಗೇ ಬಚ್ಚಿಟ್ಟುಕೊಂಡು, ತಾನೇ ಬೆಲೆಯರಿಯದೆ ಹೋದ ಒಂದೆರಡು ವಸ್ತುಗಳನ್ನು ಎರಡನೆಯದು ಹೊರತೆಗೆದು ನಡುಮನೆಯಲ್ಲಿಟ್ಟಿತು. ಅದರ ಶ್ರೇಷ್ಠತೆಯ ಮೂಲ ಅಲ್ಲಿದೆ ಎಂಬುದು ನನ್ನ ಪಕ್ಷ.

ಆಟವನ್ನು ಕಾಣದವರಿಗಾಗಿ ಎರಡು ಮಾತು. ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಎಂಬ ಸಂಸ್ಥೆಯಲ್ಲಿ ತಕಾಶಿ ನಿಶಿಯಾಮ ಎಂಬಾತನು ಹಿರೋಶಿ ಮತ್ಸುಮೊಟೊ ಎಂಬ ಸಂಗಡಿಗನೊಡನೆ ಸೇರಿ ಮೊದಲನೆಯ ಆಟವನ್ನು ರಚಿಸಿದನು. ರ್ಯೂ ಎಂಬ ಕರಾಟೆಪಟು ಒಬ್ಬೊಂಟಿಯಾಗಿ ಹೊರಟು, ಜಪಾನು, ಅಮೆರಿಕ, ಇಂಗ್ಲೆಂಡ್, ಚೀನ, ಥಾಯ್ಲೆಂಡ್ ಎಂಬ ಐದು ದೇಶಗಳ ಹತ್ತು ಮಂದಿ ಮಲ್ಲರನ್ನು ಒಬ್ಬೊಬ್ಬರನ್ನಾಗಿ ಸೋಲಿಸುತ್ತ, ಅವರಲ್ಲಿ ಕಟ್ಟಕಡೆಯವನಾದ ಸಗಾಟ್ ಎಂಬ ಥಾಯ್ ವೀರನನ್ನು ಎದುರಿಸತಕ್ಕದ್ದು ಅದರ ವಸ್ತು. ಒಂದು ಬಗೆಯ ದಿಗ್ವಿಜಯ ಕಾವ್ಯವೆನ್ನಬಹುದು. ಇನ್ನೊಬ್ಬ ಆಟಗಾರ ಅಂಗಡಿಯ ಯಂತ್ರಕ್ಕೆ ನಾಣ್ಯ ಹಾಕಿದರೆ ಅವನಿಗೆ ಕೆನ್ ಎಂಬ ವೇಷ. ಕೂದಲು ಮತ್ತು ಬಟ್ಟೆಯ ಬಣ್ಣ ಬೇರೆಯಾದರೂ ಕೈಕಾಲಿನ ವಿದ್ಯೆ ರ್ಯೂವಿನದೇ. ಇಬ್ಬರಲ್ಲಿ ಗೆದ್ದವನು ದಿಗ್ವಿಜಯವನ್ನು ಮುಂದುವರಿಸುತ್ತಾನೆ. ಮನುಷ್ಯರಿಬ್ಬರು ಎದುರುಬದುರಾಗಿ ಹೋರಾಡುವುದು ಈ ಆಟಕ್ಕೆ ನಡುದಾರಿಯಲ್ಲಿ ಬಂದೊದಗಿದ ಪ್ರಸಂಗವಾಗಿತ್ತೇ ಹೊರತು ಅದರ ಗುರಿಯಾಗಿರಲಿಲ್ಲ.

ಅದರ ಮತ್ತೊಂದು ವಿಶೇಷವನ್ನು ಇಂದಿನ ಹುಡುಗರು ಕೇಳಿಯೂ ಅರಿಯರು. ಮೊದಮೊದಲು ಬಂದ ಯಂತ್ರಗಳಲ್ಲಿ ಈಗಿನಂತೆ ಗುಂಡಿಗಳ ಸಾಲು ಇರಲಿಲ್ಲ. ಗುದ್ದಿಗೊಂದು, ಒದೆತಕ್ಕೊಂದು, ಅಂಗೈಯಗಲದ ಎರಡು ರಬ್ಬರಿನ ಮೆತ್ತೆಗಳಿದ್ದವು. ಆಟಗಾರ ಮೆತ್ತೆಯನ್ನು ಎಷ್ಟು ಬಲವಾಗಿ ಗುದ್ದುವನೋ ಪರದೆಯ ಮೇಲಿನ ವೀರನೂ ಅಷ್ಟೇ ಬಲವಾಗಿ ಗುದ್ದುವನು: ಮೆಲ್ಲನೆ ತಟ್ಟಿದರೆ ಕಿರುಪೆಟ್ಟು, ಮುಷ್ಟಿ ಕಟ್ಟಿ ಹೊಡೆದರೆ ಭಾರಿ ಪೆಟ್ಟು. ಕಲ್ಪನೆಯೇನೋ ಸೊಗಸಾದದ್ದೇ. ಆದರೆ ಯಂತ್ರ ಮನುಷ್ಯನ ಕೋಪವನ್ನು ಬಹುಕಾಲ ತಾಳಲಾರದು, ಮನುಷ್ಯನ ಮಣಿಕಟ್ಟೂ ಯಂತ್ರದ ಗಡಸುತನವನ್ನು ಬಹುಕಾಲ ತಾಳಲಾರದು. ಕೆಲಕಾಲದಲ್ಲಿಯೇ ಮೆತ್ತೆಗಳು ಹೋಗಿ, ಅವುಗಳ ಸ್ಥಾನದಲ್ಲಿ ಆರು ಗುಂಡಿಗಳು ಬಂದವು: ಗುದ್ದಿಗೆ ಮೂರು, ಒದೆತಕ್ಕೆ ಮೂರು, ಕಿರಿದು, ನಡು, ಹಿರಿದು. ಈ ಆರು ಗುಂಡಿಗಳ ಮೇಲೆಯೇ ಎರಡನೆಯ ಆಟದ ಸಮಸ್ತ ವೈಭವವೂ ನಿಂತಿದೆ ಎಂಬುದನ್ನು ನೆನೆದರೆ, ಹಿರಿಯನು ಸೋತು ಮಾಡಿದ ತಿದ್ದುಪಡಿಯೇ ಕಿರಿಯನಿಗೆ ಪಿತ್ರಾರ್ಜಿತವಾಯಿತೆಂದು ಹೇಳಬೇಕಾಗುತ್ತದೆ.

ಇನ್ನು ಬೆಂಕಿಯ ಮಾತು. ಯಂತ್ರದ ಹಿಡಿಯನ್ನು ಮೊದಲು ಕೆಳಕ್ಕೆ, ಅಲ್ಲಿಂದ ಓರೆಯಾಗಿ ಮುಂದಕ್ಕೆ, ಅಲ್ಲಿಂದ ನೇರವಾಗಿ ಮುಂದಕ್ಕೆ, ಹೀಗೆ ಕಾಲು ವೃತ್ತದಷ್ಟು ತಿರುಗಿಸಿ, ಆ ಚಲನೆ ಮುಗಿಯುವ ಹೊತ್ತಿಗೆ ಸರಿಯಾಗಿ ಗುದ್ದಿನ ಗುಂಡಿಯನ್ನು ಒತ್ತಿದರೆ, ರ್ಯೂವಿನ ಜೋಡಿಸಿದ ಅಂಗೈಗಳಿಂದ ತೇಜಸ್ಸಿನ ಉಂಡೆಯೊಂದು ಹೊರಟು ಎದುರಾಳಿಯ ಎದೆಗೆ ತಾಗುತ್ತದೆ. ಇದರ ಹೆಸರು ‘ಹದೋಕೆನ್’. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಅಲ್ಲಿನ ಹುಡುಗರ ಬಾಯಲ್ಲಿ ಇದು ‘ಆಡೂಕೆ’ ಆಗಿತ್ತು. ಮೊದಲನೆಯ ಆಟದಲ್ಲಿಯೂ ಈ ಅಸ್ತ್ರವಿತ್ತು. ಮೇಲಕ್ಕೆ ನೆಗೆದು ಗುದ್ದುವ ಇನ್ನೊಂದು, ಗಾಳಿಯಲ್ಲಿ ತಿರುಗುತ್ತ ಒದೆಯುವ ಮತ್ತೊಂದು, ಒಟ್ಟು ಮೂರಿದ್ದವು. ಆದರೆ ಅವು ಮಂತ್ರೋಪದೇಶದಂತೆ ರಹಸ್ಯವಾಗಿದ್ದವು. ಬಲ್ಲವನಿಗೂ ಅವು ಹತ್ತು ಸಲಕ್ಕೆ ಒಂದು ಸಲ ಒಲಿದರೆ ಪುಣ್ಯ. ಒಲಿದಾಗಲೋ, ಒಂದೆರಡು ಪೆಟ್ಟಿಗೇ ಎದುರಾಳಿಯ ಆಯುಷ್ಯದ ಗೆರೆ ಬಹುಪಾಲು ಅಳಿಸಿಹೋಗುತ್ತಿತ್ತು. ಅಪರೂಪವಾದದ್ದಕ್ಕೆ ಅತಿಯಾದ ಫಲವಿಡುವ ಈ ಏರ್ಪಾಡಿನಿಂದ ಆಟವು ವಿದ್ಯೆಯಾಗದೆ ಲಾಟರಿಯಾಯಿತು. ನನ್ನ ಅಳಿಯನಿಗೆ ಬೆಂಕಿ ಬಾರದಿದ್ದುದು ಅವನ ತಪ್ಪಲ್ಲ.

ನಾಲ್ಕು ವರ್ಷ ಕಳೆದವು. ಈ ಮಧ್ಯೆ ನಿಶಿಯಾಮನೂ ಮತ್ಸುಮೊಟೊನೂ ಆ ಸಂಸ್ಥೆಯನ್ನು ಬಿಟ್ಟು ಎಸ್‌ಎನ್‌ಕೆ ಎಂಬ ಪ್ರತಿಸ್ಪರ್ಧಿ ಸಂಸ್ಥೆಗೆ ಹೋದರು. ಉಳಿದವರು 1989ರಲ್ಲಿ ಬೀದಿಯುದ್ದಕ್ಕೂ ನಡೆಯುತ್ತ ಪುಂಡರ ಗುಂಪುಗಳನ್ನು ಬಡಿಯುವ ಬೇರೊಂದು ಆಟವನ್ನು ಮಾಡಿ, ಅದಕ್ಕೆ ‘ಸ್ಟ್ರೀಟ್ ಫೈಟರ್ 89’ ಎಂದೇ ಹೆಸರಿಟ್ಟು ಪ್ರದರ್ಶಿಸಿ, ಹೆಸರಿಗೂ ಆಟಕ್ಕೂ ಸಂಬಂಧವಿಲ್ಲವೆಂದು ಮನಗಂಡು, ‘ಫೈನಲ್ ಫೈಟ್’ ಎಂಬ ಹೊಸ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಮಗುವಿಗೆ ತಾತನ ಹೆಸರಿಟ್ಟ ಮಾತ್ರಕ್ಕೆ ತಾತನ ಗುಣ ಬಾರದೆಂಬುದು ಅವರಿಗೆ ಬೇಗ ತಿಳಿದದ್ದು ಒಳ್ಳೆಯದಾಯಿತು. ಅನಂತರ, ಯೋಶಿಕಿ ಒಕಾಮೊಟೊವಿನ ಮೇಲ್ವಿಚಾರಣೆಯಲ್ಲಿ, ಅಕಿರ ನಿಶಿತಾನಿ ಮತ್ತು ಚಿತ್ರಕಾರ ಅಕಿರ ಯಸುದ ಇವರ ಕೈಯಲ್ಲಿ, 1991ರಲ್ಲಿ ನಿಜವಾದ ಎರಡನೆಯದು ಹುಟ್ಟಿತು.

ಅದು ಮಾಡಿದ ಮೊದಲನೆಯ ಕೆಲಸವೆಂದರೆ, ನಡುದಾರಿಯ ಪ್ರಸಂಗವನ್ನೇ ಕಥಾವಸ್ತುವನ್ನಾಗಿ ಮಾಡಿದ್ದು. ರ್ಯೂ, ಕೆನ್ನರ ಜೊತೆಗೆ ಇನ್ನಾರು ಮಂದಿ ಸೇರಿ ಎಂಟು ಮಂದಿ ವೀರರು. ಆಟಗಾರನು ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದು. ಈ ಸಂಖ್ಯೆಗೆ ನಾನು ಬೆರಗಾಗುವುದಿಲ್ಲ. ಆ ಎಂಟು ದೇಹಗಳೂ ಎಂಟು ಬಗೆಯಲ್ಲಿ ಆಲೋಚಿಸುವುದು ಬೆರಗಿನ ಸಂಗತಿ. ರಷ್ಯದ ಝಾಂಗೀಫ್ ಎದುರಾಳಿಯ ಮೈಗೆ ಮೈ ತಾಗುವಷ್ಟು ಹತ್ತಿರ ಬಂದರೆ ಮಾತ್ರ ತನ್ನ ಪಟ್ಟನ್ನು ಹಾಕಬಲ್ಲ. ನಮ್ಮ ದೇಶದವನೆಂದು ಹೇಳಲಾಗುವ ಧಾಲ್ಸಿಮ್ ಎಂಬ ಯೋಗಿಯೋ, ಕೈಕಾಲುಗಳನ್ನು ಮಾರುದ್ದ ಚಾಚಿ, ಬಾಯಿಂದ ಬೆಂಕಿಯುಗುಳಿ, ಹತ್ತಿರ ಬರುವವನನ್ನು ದೂರದಲ್ಲಿಯೇ ತಡೆಯುವವನು. ಒಬ್ಬನ ಬದುಕೆಲ್ಲ ಸಮೀಪಿಸುವುದರಲ್ಲಿ, ಇನ್ನೊಬ್ಬನದು ಸಮೀಪಿಸಗೊಡದಿರುವುದರಲ್ಲಿ. (ಈ ಯೋಗಿಯ ಕೊರಳಲ್ಲಿ ತಲೆಬುರುಡೆಗಳ ಮಾಲೆಯಿದೆ, ಹಿನ್ನೆಲೆಯಲ್ಲಿ ಸಾಲಾಗಿ ಆನೆಗಳು ನಿಂತಿವೆ. ಪತಂಜಲಿಯ ಯಾವ ಸೂತ್ರದಲ್ಲಿ ಇದಕ್ಕೆಲ್ಲ ಆಧಾರವಿದೆಯೋ ಕಾಣೆ. ಮೈಸೂರಿನಲ್ಲಿ ಈ ಯಂತ್ರವಿದ್ದ ಅಂಗಡಿಯೊಂದರಲ್ಲಿ ಹುಡುಗರು ದೇಶಾಭಿಮಾನದಿಂದ ಅವನನ್ನೇ ಆರಿಸಿ, ನಿಧಾನಗತಿಯವನಾದ್ದರಿಂದ ಸೋತು, ಮರುದಿನ ದೇಶಾಂತರ ಹೊಂದಿ ಅಮೆರಿಕದ ಗೈಲ್‌ನನ್ನು ಆರಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.)

ನಮ್ಮ ಸೀಮೆಯ ಗರಡಿಮನೆಗಳಲ್ಲಿ ಕುಸ್ತಿಗೆ ಜೋಡಿ ಕಟ್ಟುವ ಸಂಪ್ರದಾಯವುಂಟಷ್ಟೆ. ತೂಕ, ವಯಸ್ಸು, ಅನುಭವ ಇವನ್ನೆಲ್ಲ ನೋಡಿ, ಸರಿಸಮನಾದ ಇಬ್ಬರನ್ನು ಎದುರುಬದುರು ನಿಲ್ಲಿಸಿ ಕೈ ಕೂಡಿಸಿದಾಗಲೇ ಮಟ್ಟಿಯ ಮೇಲೆ ನ್ಯಾಯವಾದ ಕುಸ್ತಿ ನಡೆದೀತೆಂಬುದು ಹಿರಿಯ ಉಸ್ತಾದರ ಮತ. ಮೊದಲನೆಯ ಆಟ ಈ ಸಮಜೋಡಿಯ ತತ್ತ್ವವನ್ನು ಅಕ್ಷರಶಃ ಪಾಲಿಸಿ, ಒಬ್ಬನನ್ನೇ ಎರಡು ಬಣ್ಣದಲ್ಲಿ ನಿಲ್ಲಿಸಿತು. ನ್ಯಾಯವೇನೋ ದೊರಕಿತು; ಸ್ವಾರಸ್ಯ ಸತ್ತಿತು. ಎರಡನೆಯದು ವಿಷಮವಾದವರನ್ನು ಎದುರು ನಿಲ್ಲಿಸಿಯೂ ಅವರನ್ನು ಸಮಬಲರನ್ನಾಗಿ ತೂಗುವ ಕಠಿಣವಾದ ಕಾರ್ಯಕ್ಕೆ ಕೈಹಾಕಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಕಬ್ಬಿಣವನ್ನೂ ಇನ್ನೊಂದರಲ್ಲಿ ಹತ್ತಿಯನ್ನೂ ಇಟ್ಟು ಮುಳ್ಳನ್ನು ನಡುವೆ ನಿಲ್ಲಿಸುವ ಕೆಲಸವದು. ಪೂರ್ಣವಾಗಿ ಸಾಧಿಸಿತೆಂದು ಹೇಳಲಾರೆ. ಮೇಲೆ ಹೇಳಿದ ಗೈಲ್ ಇತರರಿಗಿಂತ ಬಲಿಷ್ಠನೆಂಬ ದೂರು ಅಂದಿನಿಂದ ಇಂದಿನವರೆಗೂ ಇದ್ದೇ ಇದೆ.

ಅದು ಮಾಡಿದ ಎರಡನೆಯ ಕೆಲಸ, ರಹಸ್ಯವನ್ನು ಸಾರ್ವಜನಿಕ ಮಾಡಿದ್ದು. ಹಿಡಿಯ ಕಾಲು ವೃತ್ತದ ಚಲನೆಯನ್ನು ಯಂತ್ರವು ಉದಾರವಾಗಿ ಸ್ವೀಕರಿಸುವಂತೆ ತಿದ್ದಿದರು. ಅಸ್ತ್ರದ ಪೆಟ್ಟನ್ನು ಮಿತಗೊಳಿಸಿದರು. ಎಲ್ಲರಿಗೂ ಎಟುಕುವ ಅಸ್ತ್ರಕ್ಕೆ ಪ್ರತ್ಯಸ್ತ್ರವನ್ನೂ ಎಲ್ಲರೂ ಕಲಿಯಬೇಕಾಗುತ್ತದೆ. ಅವನು ಉಂಡೆ ಬಿಟ್ಟರೆ ನಾನು ಹಾರುವೆ, ನಾನು ಹಾರುವೆನೆಂದು ಅವನು ಕಾದು ನಿಂತಿದ್ದರೆ ನಾನು ಹಾರದೆ ನಿಲ್ಲುವೆ, ಎಂಬ ಉತ್ತರಪ್ರತ್ಯುತ್ತರ ಪ್ರಾರಂಭವಾಗುತ್ತದೆ. ಆಟ ವಾದವಾಗುವುದು ಇಲ್ಲಿ. ಮೈಸೂರಿನ ಆ ಅಂಗಡಿಯಲ್ಲಿ ಆಡುತ್ತಿದ್ದವರು ಇಬ್ಬರಾದರೆ ಅವರ ಬೆನ್ನಿಗೆ ಒತ್ತಿಕೊಂಡು ನೋಡುತ್ತಿದ್ದವರು ಹದಿನೈದು ಮಂದಿ. ಗೆದ್ದವನು ನಿಲ್ಲುವನು, ಸೋತವನು ಜಾಗ ಬಿಟ್ಟುಕೊಟ್ಟು ಸರದಿಯ ಹಿಂದಕ್ಕೆ ಹೋಗುವನು. ಅಂಗಡಿಯಾತನು ನಾಣ್ಯದ ಡಬ್ಬಿಯನ್ನು ಅಲುಗಿಸಿ ನೋಡಿ ತೃಪ್ತನಾಗುವನು. ಯಂತ್ರದೊಡನೆ ಒಬ್ಬನೇ ಸೆಣಸುತ್ತಿದ್ದವನ ಬೆನ್ನ ಹಿಂದೆ ಅಂಥ ಗುಂಪನ್ನು ನಾನು ಎಂದೂ ಕಾಣಲಿಲ್ಲ.

ಒಂದು ಪೆಟ್ಟಿಗೆ ಇನ್ನೊಂದನ್ನು ಕೊಂಡಿಯಂತೆ ಹೆಣೆದು ಎದುರಾಳಿಗೆ ಉಸಿರಾಡಗೊಡದ ‘ಕಾಂಬೊ’ ಎಂಬ ವಿದ್ಯೆಯೂ ಇದೇ ಆಟದಲ್ಲಿ ಹುಟ್ಟಿದ್ದು, ಹುಟ್ಟಿದ್ದಾದರೂ ಆಕಸ್ಮಿಕವಾಗಿ. ನಡುವೆ ಕಾರೊಂದನ್ನು ಬಡಿದು ಪುಡಿಮಾಡುವ ಒಂದು ಘಟ್ಟವಿದೆ. ಅದನ್ನು ಪರೀಕ್ಷಿಸುತ್ತಿದ್ದಾಗ, ಒಂದು ಪೆಟ್ಟು ಮುಗಿಯುವ ಮುನ್ನ ಇನ್ನೊಂದು ಬೀಳುತ್ತಿರುವುದು ನೊರಿತಾಕ ಫುನಾಮಿಜು ಎಂಬ ರಚನಕಾರನ ಕಣ್ಣಿಗೆ ಬಿತ್ತು. ಇಷ್ಟು ಸೂಕ್ಷ್ಮವಾದ ಕಾಲಮಾನ ಯಾರಿಗೂ ಸಾಧಿಸದೆಂದು ಭಾವಿಸಿ ಹಾಗೆಯೇ ಬಿಟ್ಟರು. ಸಾಧಿಸಿತು. ಆ ದೋಷವೇ ಮುಂದೆ ಈ ಜಾತಿಯ ಆಟಗಳಿಗೆಲ್ಲ ವ್ಯಾಕರಣವಾಯಿತು.

ಇದಕ್ಕೆ ಸರಿಹೋಲುವ ನಿದರ್ಶನವನ್ನು ಜಪಾನಿನಲ್ಲಿ ಹುಡುಕುವುದೇಕೆ? ಕನ್ನಡದಲ್ಲಿಯೇ ಇದೆ. ಪಂಪನು ಸುಮಾರು 941ರಲ್ಲಿ ಹದಿನಾಲ್ಕು ಆಶ್ವಾಸಗಳ ವಿಕ್ರಮಾರ್ಜುನ ವಿಜಯವನ್ನು ರಚಿಸಿದನು. ಅಲ್ಲಿ ನಾಯಕನು ಅರ್ಜುನ. ಭೀಮದುರ್ಯೋಧನರ ಗದಾಯುದ್ಧ ಹದಿಮೂರನೆಯ ಆಶ್ವಾಸದಲ್ಲಿ ಬಂದುಹೋಗುವ ಒಂದು ಘಟನೆ. ಸುಮಾರು ಅರ್ಧ ಶತಮಾನ ಕಳೆದ ಬಳಿಕ ಮುದುವೊಳಲಿನ ಬಳೆಗಾರರ ಕುಲದ ರನ್ನನು ಆ ಒಂದು ಆಶ್ವಾಸದಲ್ಲಿ ಅಡಗಿದ್ದ ಬೀಜವನ್ನು ಎತ್ತಿಕೊಂಡು, ಹತ್ತು ಆಶ್ವಾಸಗಳ ಗದಾಯುದ್ಧವನ್ನೇ ಬೆಳೆದನು. ಹಿಂದಿನ ಭಾರತವೆಲ್ಲವನ್ನೂ ಸಿಂಹಾವಲೋಕನಕ್ರಮದಿಂದ ಆ ಒಂದು ಕಾಳಗದ ಕಣ್ಣಿನಲ್ಲಿಯೇ ತೋರಿಸಿದನು. ರನ್ನನು ಪಂಪನಿಗಿಂತ ದೊಡ್ಡವನೇ ಎಂಬ ಜಗಳಕ್ಕೆ ನಾನು ಇಳಿಯಲಾರೆ. ಆ ಜಗಳದಲ್ಲಿ ತಲೆ ನರೆತ ಪಂಡಿತರಿದ್ದಾರೆ. ನನಗೆ ಬೇಕಾದದ್ದು ಇಷ್ಟೆ: ರನ್ನನು ಪಂಪನಿಗೆ ಏನನ್ನೂ ‘ಸೇರಿಸಲಿಲ್ಲ’. ಪಂಪನು ದಾಟಿಹೋದ ಕಡೆ ನಿಂತನು. ನಿಶಿತಾನಿಯ ತಂಡದವರೂ ನಿಶಿಯಾಮನು ದಾಟಿಹೋದ ಕಡೆ ನಿಂತರು. ವಿಚಿತ್ರವೆಂದರೆ, ಅದೇ 1991ರಲ್ಲಿ ನಿಶಿಯಾಮನೂ ತಾನು ಸೇರಿದ ಸಂಸ್ಥೆಯಿಂದ ‘ಫೇಟಲ್ ಫ್ಯೂರಿ’ ಎಂಬ ಆಟವನ್ನು ಹೊರತಂದು ತನ್ನ ಮೊದಲ ಕೃತಿಯನ್ನು ತನ್ನ ದಾರಿಯಲ್ಲಿಯೇ ಮುಂದುವರಿಸಿದನು. ಒಂದೇ ತಂದೆಗೆ ಒಂದೇ ವರ್ಷ ಎರಡು ಉತ್ತರಾಧಿಕಾರಿಗಳು. ಪಟ್ಟ ಮಾತ್ರ ಅನ್ಯರು ಬೆಳೆಸಿದ್ದಕ್ಕೆ ದಕ್ಕಿತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ‘ಇಷ್ಟೆಲ್ಲ ತತ್ತ್ವವೇಕೆ? 1987ರ ಯಂತ್ರ ಹಳೆಯದು, 1991ರ ಯಂತ್ರ ಹೊಸದು. ಒಳ್ಳೆಯ ಒಲೆಯಲ್ಲಿ ಒಳ್ಳೆಯ ಅಡುಗೆಯಾಯಿತು, ಅಷ್ಟೆ.’ ಈ ವಾದಕ್ಕೆ 1997ರ ‘ಸ್ಟ್ರೀಟ್ ಫೈಟರ್ 3’ ತಕ್ಕ ಉತ್ತರ ಕೊಡುತ್ತದೆ. ಅದರ ಒಲೆ ಇನ್ನೂ ಉತ್ತಮವಾದದ್ದು. ಚಿತ್ರಗಳ ಚಲನೆಯ ನಯವನ್ನು ನೋಡಿದರೆ ಇಂದಿಗೂ ಕಣ್ಣು ತಣಿಯುತ್ತದೆ. ಆದರೆ ರ್ಯೂ, ಕೆನ್ ಇಬ್ಬರನ್ನುಳಿದು ಹಳಬರೆಲ್ಲರನ್ನೂ ಅದು ಮನೆಯಿಂದ ಹೊರಹಾಕಿ, ಜನರಿಗೆ ಗುರುತಿಲ್ಲದ ಮುಖಗಳನ್ನು ತಂದು ಕೂರಿಸಿತು. ಜನ ಬರಲಿಲ್ಲ. ಅದರಲ್ಲಿದ್ದ ಒಂದು ನಿಜವಾದ ಆವಿಷ್ಕಾರ, ಪೆಟ್ಟು ತಗಲುವ ಕ್ಷಣಕ್ಕೆ ಸರಿಯಾಗಿ ಹಿಂದೆ ಸರಿಯದೆ ಮುಂದಕ್ಕೆ ಒತ್ತಿ ಅದನ್ನು ತಳ್ಳಿಹಾಕುವ ವಿದ್ಯೆ, ಲೋಕಕ್ಕೆ ಸರಿಯಾಗಿ ತಿಳಿದದ್ದು ಏಳು ವರ್ಷದ ಮೇಲೆ. 2004ರಲ್ಲಿ ಕ್ಯಾಲಿಫೋರ್ನಿಯದ ಪಂದ್ಯವೊಂದರಲ್ಲಿ ಜಪಾನಿನ ದೈಗೊ ಉಮೆಹರ, ಒಂದೇ ಒಂದು ಪೆಟ್ಟು ತಗುಲಿದರೂ ಮುಗಿದೇಹೋಗುವ ಸ್ಥಿತಿಯಲ್ಲಿ, ಜಸ್ಟಿನ್ ವಾಂಗ್ ಎಂಬ ಅಮೆರಿಕದ ಆಟಗಾರನ ಹದಿನೈದು ಒದೆತಗಳನ್ನು ಒಂದಾದ ಮೇಲೊಂದರಂತೆ ಹಾಗೆ ತಳ್ಳಿಹಾಕಿ, ತಿರುಗಿಬಿದ್ದು ಗೆದ್ದನು. ಅಂದಿನ ಅಂತಿಮ ಪಂದ್ಯವನ್ನು ಅವನು ಸೋತದ್ದು ಯಾರಿಗೂ ನೆನಪಿಲ್ಲ.

ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಅದೇ ಎರಡನೆಯದನ್ನು 1992ರಲ್ಲಿ ಎರಡು ಸಲ, 1993ರಲ್ಲಿ ಒಂದು ಸಲ, 1994ರಲ್ಲಿ ಮತ್ತೊಂದು ಸಲ, ಹೊಸ ವಿಶೇಷಣಗಳನ್ನು ಅಂಟಿಸಿ ಮಾರಿದ ವ್ಯಾಪಾರದ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ನಕಲಿ ಯಂತ್ರಗಳಲ್ಲಿ ಆಟದ ವೇಗವನ್ನು ಮಿತಿಮೀರಿ ಏರಿಸಿದ್ದನ್ನು ಕಂಡು ಅಸಲಿನವರೂ ವೇಗ ಹೆಚ್ಚಿಸಿದರೆಂಬುದೊಂದು ಮೋಜಿನ ಸಂಗತಿ.

ಇಷ್ಟು ಹೇಳಿದ ಮೇಲೆಯೂ, ಎರಡನೆಯದು ಬರುವಷ್ಟರಲ್ಲಿ ಕಳೆದುಹೋದ ಒಂದು ವಸ್ತುವಿದೆಯೆಂದು ಒಪ್ಪಲೇಬೇಕು. ಅದು ಮೈ. ಆ ರಬ್ಬರಿನ ಮೆತ್ತೆಗಳಲ್ಲಿ, ಎಷ್ಟೇ ಒರಟಾಗಿರಲಿ, ಆಟಗಾರನ ತೋಳಿಗೂ ವೀರನ ತೋಳಿಗೂ ಒಂದು ನಂಟಿತ್ತು. ಗುಂಡಿ ಬಂದಮೇಲೆ ಹಿರಿಯ ಪೆಟ್ಟಿಗೂ ಕಿರಿಯ ಪೆಟ್ಟಿಗೂ ಬೆರಳಿನ ಶ್ರಮ ಒಂದೇ. ವಿಜಯದಶಮಿಯಂದು ಮೈಸೂರು ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ನಮ್ಮ ಚಾಮರಾಜನಗರದ ಜೆಟ್ಟಿಗಳೂ ಹೋಗುತ್ತಾರೆ. ತಲೆ ಬೋಳಿಸಿ, ಬಲಗೈ ಮುಷ್ಟಿಗೆ ಆಯುಧ ತೊಟ್ಟು ಎದುರಾಗುವ ಅವರ ಕಾಳಗ, ಒಬ್ಬನ ತಲೆಯಿಂದ ಮೊದಲ ರಕ್ತ ಜಿನುಗಿದೊಡನೆ ನಿಲ್ಲುತ್ತದೆ. ವಾರಗಟ್ಟಲೆಯ ಸಾಧನೆ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ, ಏಕೆಂದರೆ ಪೆಟ್ಟು ನಿಜವಾದದ್ದು. ಪೆಟ್ಟು ನಿಜವಲ್ಲದ ಕಡೆ ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯುವುದಿಲ್ಲ. 1992ರಲ್ಲಿ ಅಮೆರಿಕದಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’, ನಮ್ಮ ಜೆಟ್ಟಿಗಳು ನಿಲ್ಲಿಸುವ ಬಿಂದುವಿನಿಂದ ಪ್ರಾರಂಭವಾಗುತ್ತದೆ. ‘ಸ್ಟ್ರೀಟ್ ಫೈಟರ್ 2’ ಆ ಹೇಸಿಗೆಗೆ ಇಳಿಯಲಿಲ್ಲವೆಂಬುದನ್ನು ನಾನು ಅದರ ಗುಣಗಳ ಪಟ್ಟಿಯಲ್ಲಿ ಸೇರಿಸುತ್ತೇನೆ.

ಮೊದಲನೆಯದರ ಪರವಾಗಿ ನನಗೆ ಇಷ್ಟೊಂದು ಕಕ್ಕುಲಾತಿ ಏತಕ್ಕೆಂದು ಓದುಗರು ಕೇಳಬಹುದು. ನಮ್ಮೂರಿನ ನೀರಿನ ಗುಣವಿದ್ದೀತು. 17ನೆಯ ಶತಮಾನದ ಆದಿಯಲ್ಲಿ ರಾಜ ಒಡೆಯರ ವಶವಾಗುವುದಕ್ಕೆ ಮುಂಚೆ ಈ ಸೀಮೆಗೆಲ್ಲ ತೆರಕಣಾಂಬಿಯೇ ಮುಖ್ಯಸ್ಥಳವಾಗಿತ್ತು. ಅನಂತರ ಚಿಕ್ಕದೇವರಾಜ ಒಡೆಯರು ತಂದೆಯ ಸ್ಮರಣೆಗೆ ಪರವಾಸುದೇವನ ಗುಡಿಯನ್ನು ಕಟ್ಟಿಸಿದ ಗುಂಡ್ಲುಪೇಟೆ ಬೆಳೆಯಿತು. 1818ರಲ್ಲಿ ಅರಿಕುಠಾರವು ಚಾಮರಾಜನಗರವೆಂಬ ಹೆಸರು ಪಡೆದು ಮುಂದೆ ಜಿಲ್ಲೆಗೇ ತಲೆಯಾಯಿತು. ಈಗ ಆ ಎರಡು ಪಟ್ಟಣಗಳ ನಡುವಣ ಬಸ್ಸು ನಮ್ಮೂರಿನಲ್ಲಿ ನಿಲ್ಲುವುದು ತರಕಾರಿಯವರನ್ನು ಹತ್ತಿಸಿಕೊಳ್ಳುವಷ್ಟು ಹೊತ್ತು ಮಾತ್ರ. ಹಳೆಯ ಗುಡಿಗಳನ್ನೂ ಕೋಟೆಯ ಕುರುಹುಗಳನ್ನೂ ಕಿಟಕಿಯಿಂದ ಇಣುಕಿ ನೋಡುವವರು ಅಪರೂಪ. ಮುಂದಿನವರು ದೊಡ್ಡವರಾದದ್ದಕ್ಕೆ ನಮಗೆ ಹೊಟ್ಟೆಯುರಿಯಿಲ್ಲ. ‘ದಂಡ’ ಎಂಬ ಮಾತು ಮಾತ್ರ ಕಿವಿಗೆ ಚುಚ್ಚುತ್ತದೆ.

2023ರಲ್ಲಿ ಚೀನದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಈ ವಂಶದ ಐದನೆಯ ಆಟವೂ ಪದಕದ ಸ್ಪರ್ಧೆಯಾಗಿತ್ತು, ಭಾರತದವರೂ ಸ್ಪರ್ಧಿಸಿದರು, ಚಿನ್ನ ದಕ್ಕಿದ್ದು ದಕ್ಷಿಣ ಕೊರಿಯದ 44 ವರ್ಷದ ಆಟಗಾರನಿಗೆ. ಆತ ಕೊನೆಯ ಪಂದ್ಯದಲ್ಲಿ ಗುಂಡಿಯೊತ್ತುತ್ತಿದ್ದ ಕ್ರಮ, ಗುದ್ದಿಗೆ ಮೂರು ಒದೆತಕ್ಕೆ ಮೂರು ಎಂಬ ವಿಂಗಡಣೆ, 1987ರ ಒಡೆದುಹೋದ ಮೆತ್ತೆಗಳ ಜಾಗದಲ್ಲಿ ಬಂದದ್ದೇ.

ಆದಕಾರಣ ಆ ಹನ್ನೆರಡು ಆಟಗಳ ಸಂಪುಟ ನಿಮ್ಮ ಮಕ್ಕಳ ಕೈಗೆ ಸಿಕ್ಕಿದರೆ, ಎರಡನೆಯದನ್ನು ತೆರೆಯುವ ಮುನ್ನ ಮೊದಲನೆಯದನ್ನು ಅರ್ಧ ಗಂಟೆಯಾದರೂ ಆಡಿಸಿ, ಸಾಧ್ಯವಾದರೆ ನೀವೂ ಜೊತೆಗೆ ಕೂತು ಕೆನ್ನನ ವೇಷವನ್ನು ಹಾಕಿ. ಸೋಲುತ್ತೀರಿ, ಹೆಬ್ಬೆರಳು ನೋಯುತ್ತದೆ. ನೂರು ಸಲ ಹಿಡಿಯನ್ನು ತಿರುಗಿಸಿದ ಮೇಲೆ ಎಂದೋ ಒಮ್ಮೆ ಬೆಂಕಿಯ ಉಂಡೆ ಹೊರಡುತ್ತದೆ. ನನ್ನ ಅಳಿಯನಿಗೆ ಅದು ಹೊರಟದ್ದು ಮೂರನೆಯ ದಿನದ ಸಂಜೆ. ಆ ಹೊತ್ತಿಗೆ ಕೋಳಿಗಳು ಅರಿಸಿನವನ್ನೆಲ್ಲ ಅಂಗಳದ ತುಂಬ ಹರಡಿಬಿಟ್ಟಿದ್ದವು.